ಬೀಜದ ಹೋರಿ ಆರಿಸುವಾಗ: ಮಾಡಬೇಕಾದ್ದು, ಮಾಡಬಾರದ್ದು

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲ್ಲೂಕುಗಳ ಹೋರಿ ಸಾಕುವವರ ಗಮನಕ್ಕೆ.

ದೀಪಾವಳಿಯಿಂದ ಶುರುವಾಗುವ ಹೋರಿ ಹಬ್ಬದಲ್ಲಿ ಕೊಬ್ಬರಿ ಸರ ಹರಿಯಗೊಡದೆ ಓಡಿದ ಹೋರಿಗೆ ಹೆಸರು ಬರುತ್ತದೆ. ಹೆಸರು ಬಂದ ಹೋರಿಯ ಬೀಜಕ್ಕೆ ಸುತ್ತಲ ಊರಿನವರು ಆಕಳು ಹೊಡೆದುಕೊಂಡು ಬರುತ್ತಾರೆ. ಓಟ ಕಣ್ಣಿಗೆ ಕಾಣುತ್ತದೆ, ರಕ್ತದೊಳಗಿನ ಕುಂದು ಕಾಣುವುದಿಲ್ಲ. ಅಖಾಡದಲ್ಲಿ ಗೆದ್ದದ್ದು ಬೀಜಕ್ಕೆ ಯೋಗ್ಯ ಎಂಬುದಕ್ಕೆ ಸಾಕ್ಷಿಯಲ್ಲ.

ಮಾಡಬೇಕಾದ್ದು

1. ಮುಟ್ಟಿ ನೋಡಿ. ಎರಡೂ ಬೀಜ ಚೀಲಕ್ಕೆ ಇಳಿದು ಸರಿಸಮವಾಗಿರಬೇಕು. ಕೆಳಗಿನ ಹಲ್ಲು ಮೇಲಿನ ವಸಡಿಗೆ ಕೂಡಬೇಕು. ಹೊಕ್ಕಳಲ್ಲಿ ಗಂಟು, ಹಿಂಗಾಲಲ್ಲಿ ಸೆಡೆತ ಇರಬಾರದು.

2. ಹೋರಿಯ ತಾಯಿಯನ್ನು, ಒಡಹುಟ್ಟುಗಳನ್ನು, ಅದಕ್ಕೆ ಹುಟ್ಟಿದ ಕರುಗಳನ್ನು ನೋಡಿಯೇ ತೀರ್ಮಾನಿಸಿ.

3. ಯಾವ ಆಕಳಿಗೆ ಯಾವ ಹೋರಿ, ಎಂಥ ಕರು ಎಂಬುದನ್ನು ವಹಿಯಲ್ಲಿ ಬರೆದಿಡಿ.

4. ಎರಡು-ಮೂರು ವರ್ಷಕ್ಕೊಮ್ಮೆ, ಮಗಳು ಬೆದೆಗೆ ಬರುವ ಮೊದಲೇ, ಬೀಜದ ಹೋರಿ ಬದಲಿಸಿ.

5. ಸೂಜಿ ಹಾಕಿಸುವಾಗ ವೀರ್ಯದ ಕಡ್ಡಿಯ ಮೇಲಿನ ಹೋರಿ ಸಂಖ್ಯೆ ಬರೆದುಕೊಳ್ಳಿ. ವೀರ್ಯ ಕೇಂದ್ರದ ಎಚ್.ಎಫ್. ಹೋರಿಗಳಿಗೆ ಬ್ಲಾಡ್, ಸಿಟ್ರುಲಿನೀಮಿಯಾದಂಥ ವಂಶದೋಷಗಳ ಪರೀಕ್ಷೆ ಕಡ್ಡಾಯ. ಆದ್ದರಿಂದ ಪರವಾನಗಿ ಇರುವ ಕೇಂದ್ರದ ಕಡ್ಡಿಯನ್ನೇ ಕೇಳಿ.

6. ಕುಂದಿನ ಕರು ಹುಟ್ಟಿದರೆ ಆ ದಿನವೇ ಪಶುವೈದ್ಯರಿಗೆ ತೋರಿಸಿ. ಸಂಚಾರಿ ಪಶು ಚಿಕಿತ್ಸಾ ಸೇವೆಯ ಸಂಖ್ಯೆ 1962.

ಮಾಡಬಾರದ್ದು

1. ಒಂದೇ ಬೀಜ ಇಳಿದ ಹೋರಿಯನ್ನು ಆಕಳಿಗೆ ಬಿಡಬೇಡಿ. ಅದರಿಂದಲೂ ಗಬ್ಬ ನಿಲ್ಲುತ್ತದೆ, ಅಪಾಯ ಇರುವುದೇ ಅಲ್ಲಿ: ಅದೇ ಕುಂದು ಮಕ್ಕಳಿಗೆ ಇಳಿಯುತ್ತದೆ.

2. ಹೋರಿಯನ್ನು ಅದರ ಮಗಳಿಗೆ, ತಂಗಿಗೆ ಕೊಡಿಸಬೇಡಿ. ಕುಂದನ್ನು ಒಳಗೇ ಹೊತ್ತ ಹೋರಿ ನೋಡಲು ಪೂರ್ತಿ ಚೆನ್ನಾಗಿರುತ್ತದೆ. ಅದರ ಮಕ್ಕಳಲ್ಲಿ ಅರ್ಧದಷ್ಟು ಆ ಕುಂದನ್ನು ಹೊತ್ತಿರುತ್ತವೆ. ಹೊತ್ತ ಎರಡು ಕೂಡಿದರೆ ನಾಲ್ಕರಲ್ಲಿ ಒಂದು ಕರುವಿನಲ್ಲಿ ಅದು ಹೊರಬೀಳುತ್ತದೆ.

3. ಬಣ್ಣ, ಕೋಡು, ಸುಳಿ ಇಷ್ಟನ್ನೇ ನೋಡಿ ಬೀಜಕ್ಕೆ ಆರಿಸಬೇಡಿ.

4. ಕುಂದಿನ ಕರುವನ್ನು ರಾತ್ರೋರಾತ್ರಿ ಹೂತು ಸುಮ್ಮನಿರಬೇಡಿ. ಅಮೆರಿಕದ ಆಂಗಸ್ ತಳಿಯಲ್ಲಿ ಬೆನ್ನು ಸೊಟ್ಟಾದ ಕರುಗಳು ಸತ್ತೇ ಹುಟ್ಟುತ್ತಿದ್ದವು. ಸಾಕುವವರು ಬಾಯಿ ಬಿಟ್ಟಿದ್ದರಿಂದಲೇ 2008ರಲ್ಲಿ ಮೂಲ ಸಿಕ್ಕಿತು: ಎಲ್ಲರೂ ಬಯಸಿ ಬೀಜ ಪಡೆದಿದ್ದ ಹೆಸರಾಂತ ಹೋರಿಯ ರಕ್ತ.

5. ಎಲ್ಲ ತಪ್ಪನ್ನೂ ಹೋರಿಯ ತಲೆಗೆ ಕಟ್ಟಬೇಡಿ. ಹಸಿ ಮೇವಿಲ್ಲದೆ ವಿಟಮಿನ್ ಎ ಕೊರತೆಯಾದ ಆಕಳು ಕುರುಡು ಕರು ಹಾಕಬಹುದು. ಹೋರಿಗರುವಿನ ಜತೆ ಅವಳಿಯಾಗಿ ಹುಟ್ಟಿದ ಹೆಣ್ಣುಗರು ಬಹುಪಾಲು ಗೊಡ್ಡಾಗುತ್ತದೆ. ಇವೆರಡೂ ವಂಶದ ದೋಷವಲ್ಲ.

6. ಕುಂದು ಗೊತ್ತಿದ್ದೂ ಬೀಜಕ್ಕೆಂದು ಸಂತೆಯಲ್ಲಿ ಮಾರಬೇಡಿ. ಪಶುವೈದ್ಯರಿಂದ ಬೀಜ ಒಡೆಸಿ, ಉಳುಮೆಗೆ ಇಟ್ಟುಕೊಳ್ಳಿ.

ಹೋರಿ ನಿಮ್ಮದಿರಬಹುದು, ಅದರ ಬೀಜ ಸೇರುವುದು ಊರ ಹಿಂಡಿಗೆ. ಹೋರಿಗೆ ಎಷ್ಟೇ ಹೆಸರಿರಲಿ, ಕುಂದು ಕಂಡ ಮೇಲೆ ಅದನ್ನು ಆಕಳಿಗೆ ಬಿಡಬೇಡಿ. ಆಕಳು ತಂದವರಿಗೆ ಕಾರಣವನ್ನೂ ಮುಚ್ಚಿಡದೆ ಹೇಳಿ.