ಪಾಪ, ಅಪರಾಧ, ಹೇಸಿಕೆ

ಧರ್ಮದ ಹೆಸರಿನಲ್ಲಿ ಆಡುವ ಮಾತೆಲ್ಲವೂ ಧರ್ಮದ ಮಾತಾಗಿರುವುದಿಲ್ಲ. ಅದರಲ್ಲಿ ಶಾಸ್ತ್ರದ ಅಂಶವೆಷ್ಟು, ರಾಜಶಾಸನದ ಅಂಶವೆಷ್ಟು, ಆಡುವವನ ಮನಸ್ಸಿನ ಹೇಸಿಕೆಯ ಅಂಶವೆಷ್ಟು ಎಂಬುದನ್ನು ಬೇರ್ಪಡಿಸಿ ನೋಡುವುದು ವಿವೇಕಿಗಳ ಕರ್ತವ್ಯ. ಈ ಮೂರೂ ಒಂದರೊಳಗೊಂದು ಕಲೆತುಹೋಗಿರುವ ವಿಷಯಗಳಲ್ಲಿ ಸಲಿಂಗಾನುರಾಗವೂ ಒಂದು. ಗಂಡಿಗೆ ಗಂಡಿನಲ್ಲಿಯೂ ಹೆಣ್ಣಿಗೆ ಹೆಣ್ಣಿನಲ್ಲಿಯೂ ಅನುರಾಗವುಂಟಾಗುವ ಸ್ವಭಾವಕ್ಕೆ ಈ ಹೆಸರು. ಈ ಮಾತನ್ನೆತ್ತಲು ಸಂಕೋಚಪಡುವವರುಂಟು. ಆದರೆ ಸಂಕೋಚದಿಂದ ಮುಚ್ಚಿಟ್ಟ ವಿಷಯವು ಮನೆಯೊಳಗೆ ದುಃಖವಾಗಿ ಬೆಳೆಯುತ್ತದೆ. ಮಗನ ಅಥವಾ ಮಗಳ ಸ್ವಭಾವ ಇಂತಹುದೆಂದು ತಿಳಿದ ತಾಯಿತಂದೆಗಳು ಗುರುವಿನ ಬಳಿಗೆ ಬಂದು, "ಈ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಧರ್ಮವೇ?" ಎಂದು ಕೇಳಿದರೆ, ಏನೆಂದು ಹೇಳಬೇಕು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನಾವು ಕೆಲವು ಧರ್ಮಗಳ ನಿಲುವನ್ನೂ ಅದು ಬೆಳೆದುಬಂದ ಬಗೆಯನ್ನೂ ವಿಚಾರಿಸೋಣ.

ಸೊದೋಮಿನ ಕಥೆ

ಯೆಹೂದ್ಯ ಮತ್ತು ಕ್ರೈಸ್ತ ಧರ್ಮಗಳಲ್ಲಿ ಈ ವಿಚಾರವೆಲ್ಲ ಒಂದು ಊರಿನ ಕಥೆಯ ಸುತ್ತ ಬೆಳೆದಿದೆ. ಬೈಬಲ್ಲಿನ ಆದಿಕಾಂಡದ 19ನೆಯ ಅಧ್ಯಾಯದಲ್ಲಿ ಸೊದೋಮೆಂಬ ಪಟ್ಟಣದ ಕಥೆ ಬರುತ್ತದೆ. ಇಬ್ಬರು ದೇವದೂತರು ಮನುಷ್ಯವೇಷದಿಂದ ಆ ಊರಿಗೆ ಬಂದಾಗ, ಲೋಟನೆಂಬವನು ಅವರನ್ನು ಮನೆಗೆ ಕರೆದು ಉಪಚರಿಸುತ್ತಾನೆ. ಊರಿನ ಗಂಡಸರು ಮನೆಯನ್ನು ಮುತ್ತಿ, ಅತಿಥಿಗಳನ್ನು ಹೊರಗೆ ತರಬೇಕೆಂದೂ ತಾವು ಅವರನ್ನು ಕೆಡಿಸಬೇಕೆಂದೂ ಗದ್ದಲವೆಬ್ಬಿಸುತ್ತಾರೆ. ಆ ಊರು ಬೆಂಕಿಗಂಧಕಗಳ ಮಳೆಯಿಂದ ನಾಶವಾಗುತ್ತದೆ. ಈ ಕಥೆಯಿಂದಲೇ ಪಾಶ್ಚಾತ್ಯ ಭಾಷೆಗಳಲ್ಲಿ ಆ ಪಾಪಕ್ಕೆ ಊರಿನ ಹೆಸರೇ ಅಂಟಿಕೊಂಡಿತು.

ಆದರೆ ಅದೇ ಬೈಬಲ್ಲಿನ ಪ್ರವಾದಿ ಯೆಹೆಜ್ಕೇಲನು ತನ್ನ ಗ್ರಂಥದ 16ನೆಯ ಅಧ್ಯಾಯದಲ್ಲಿ ಸೊದೋಮಿನ ದೋಷವನ್ನು ಎಣಿಸುವಾಗ ಮೊದಲು ಹೇಳುವುದು ಬೇರೆಯೇ ಆಗಿದೆ: ಅಹಂಕಾರ, ಹೊಟ್ಟೆಬಾಕತನ, ನಿಶ್ಚಿಂತೆಯ ಸುಖ, ದೀನದರಿದ್ರರಿಗೆ ಕೈನೀಡದಿರುವಿಕೆ. ಮುಂದಿನ ವಾಕ್ಯದಲ್ಲಿ ಹೇಯಕೃತ್ಯದ ಮಾತೂ ಇದೆ. ಆದರೆ ಅದರ ಸ್ವರೂಪವನ್ನು ಅವನು ಬಿಡಿಸಿ ಹೇಳಿಲ್ಲ. ಇಂಗ್ಲೆಂಡಿನ ಚರ್ಚಿನ ಪಾದ್ರಿಯಾಗಿದ್ದ ಡೆರಿಕ್ ಶರ್ವಿನ್ ಬೇಯ್ಲಿ ಎಂಬ ವಿದ್ವಾಂಸರು 1955ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಆ ಊರಿನ ಮೂಲ ಪಾಪವು ಅತಿಥಿದ್ರೋಹವೆಂದು ವಾದಿಸಿದರು. ಅವರ ವಾದವನ್ನು ಎಲ್ಲ ಪಂಡಿತರೂ ಒಪ್ಪಲಿಲ್ಲ. ಮನೆ ಮುತ್ತಿದವರ ಬೇಡಿಕೆಯಲ್ಲಿ ಕಾಮವೂ ಇತ್ತೆಂಬುದು ಹಲವರ ಮತ. ಹಾಗಿದ್ದರೂ ಒಂದು ಮಾತು ನಿಲ್ಲುತ್ತದೆ: ಗುಂಪುಗೂಡಿ ಬಲಾತ್ಕಾರಕ್ಕೆ ಹೊರಟವರ ಕಥೆಯು ಪರಸ್ಪರ ಪ್ರೀತಿಯಿಂದ ಬಾಳುವ ಇಬ್ಬರ ಮೇಲಿನ ತೀರ್ಪಾಗಲಾರದು. ಗಂಡಸು ಹೆಣ್ಣನ್ನು ಬಲಾತ್ಕರಿಸಿದ ಕಥೆಯಿಂದ ದಾಂಪತ್ಯವೇ ಪಾಪವೆಂದು ಯಾರೂ ಸಿದ್ಧಾಂತ ಮಾಡುವುದಿಲ್ಲವಷ್ಟೆ.

ಬೈಬಲ್ಲಿನಲ್ಲಿ ಸ್ಪಷ್ಟ ನಿಷೇಧವಿಲ್ಲವೆಂದು ಇದರ ಅರ್ಥವಲ್ಲ. ಯಾಜಕಕಾಂಡದ 18 ಮತ್ತು 20ನೆಯ ಅಧ್ಯಾಯಗಳಲ್ಲಿ ನಿಷೇಧವಿದೆ. ಎರಡನೆಯದರಲ್ಲಿ ಮರಣದಂಡನೆಯೂ ಇದೆ. ಸಂತ ಪೌಲನು ರೋಮಿನವರಿಗೆ ಬರೆದ ಪತ್ರದಲ್ಲಿಯೂ ಖಂಡನೆಯುಂಟು. ಶಾಸ್ತ್ರದ ಮಾತನ್ನು ಇಲ್ಲವೆನ್ನುವುದು ಪ್ರಾಮಾಣಿಕತೆಯಲ್ಲ; ಆದರೆ ಇದ್ದುದಕ್ಕಿಂತ ಹೆಚ್ಚು ಹೇಳಿಸುವುದೂ ಪ್ರಾಮಾಣಿಕತೆಯಲ್ಲ.

ಪಾಪವು ಅಪರಾಧವಾದುದು

ಪಾಪಕ್ಕೆ ಪ್ರಾಯಶ್ಚಿತ್ತ, ಅಪರಾಧಕ್ಕೆ ದಂಡನೆ. ಮೊದಲನೆಯದು ಗುರುಪೀಠದ ಅಧಿಕಾರ, ಎರಡನೆಯದು ರಾಜನ ಅಧಿಕಾರ. ಇವೆರಡೂ ಒಂದಾದಾಗ ಏನಾಗುತ್ತದೆಂಬುದಕ್ಕೆ ಇಂಗ್ಲೆಂಡಿನ ಚರಿತ್ರೆ ನಿದರ್ಶನ. ಅಲ್ಲಿ 1533ರವರೆಗೆ ಈ ವಿಷಯವು ಚರ್ಚಿನ ನ್ಯಾಯಸ್ಥಾನಗಳಿಗೆ ಸೇರಿತ್ತು. ಆ ವರ್ಷ ಎಂಟನೆಯ ಹೆನ್ರಿಯ ಕಾಲದ ಶಾಸನವು ಅದನ್ನು ರಾಜನ ನ್ಯಾಯಸ್ಥಾನಕ್ಕೆ ತಂದು ಮರಣದಂಡನೆಯನ್ನು ವಿಧಿಸಿತು. 1835ರಲ್ಲಿ ಕೂಡ ಲಂಡನ್ನಿನಲ್ಲಿ ಇಬ್ಬರನ್ನು ಇದಕ್ಕಾಗಿ ಗಲ್ಲಿಗೇರಿಸಲಾಯಿತು. 1861ರಲ್ಲಿ ಮರಣದಂಡನೆ ಹೋಗಿ ಸೆರೆವಾಸ ಉಳಿಯಿತು.

ಇದೇ ಮನೋಭಾವವು ಹಡಗು ಹತ್ತಿ ನಮ್ಮ ದೇಶಕ್ಕೆ ಬಂದಿತು. ಮೆಕಾಲೆಯ ಅಧ್ಯಕ್ಷತೆಯ ಆಯೋಗವು ಕರಡು ಹಾಕಿ, 1860ರಲ್ಲಿ ಅಂಗೀಕಾರವಾಗಿ, 1862ರಿಂದ ಜಾರಿಗೆ ಬಂದ ಭಾರತ ದಂಡಸಂಹಿತೆಯ 377ನೆಯ ಕಲಮು 'ಪ್ರಕೃತಿನಿಯಮಕ್ಕೆ ವಿರುದ್ಧವಾದ' ಸಂಭೋಗಕ್ಕೆ ಜೀವಾವಧಿಯವರೆಗೆ ಶಿಕ್ಷೆಯನ್ನು ವಿಧಿಸಿತು. ಅನೇಕರು ಇದನ್ನು ನಮ್ಮ ಪೂರ್ವಿಕರ ಧರ್ಮವೆಂದೇ ಭಾವಿಸಿದರು. ನಮ್ಮ ಪ್ರಾಚೀನ ಗ್ರಂಥಗಳು ಏನು ಹೇಳುತ್ತವೆಂದು ನೋಡಿದರೆ ಪ್ರಮಾಣದ ಅಂತರ ತಿಳಿಯುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದ ಕಂಟಕಶೋಧನಾಧಿಕರಣವು ಪುರುಷರ ಈ ನಡತೆಗೆ ಸಾಹಸದಂಡಗಳಲ್ಲಿ ಅತ್ಯಂತ ಕಡಿಮೆಯದನ್ನು, ಎಂದರೆ ಹಣದ ದಂಡವನ್ನು ಹೇಳುತ್ತದೆ. ಮನುಸ್ಮೃತಿಯು ಹನ್ನೊಂದನೆಯ ಅಧ್ಯಾಯದಲ್ಲಿ ಒಂದು ಕಡೆ ಇದನ್ನು ಜಾತಿಭ್ರಂಶಕರವೆಂದು ಎಣಿಸಿದರೂ ಇನ್ನೊಂದು ಕಡೆ ದ್ವಿಜನಿಗೆ ಸಚೇಲಸ್ನಾನವನ್ನು, ಅಂದರೆ ಉಟ್ಟ ಬಟ್ಟೆಯಲ್ಲಿಯೇ ಮೀಯುವುದನ್ನು ವಿಧಿಸುತ್ತದೆ. ಕನ್ಯೆಯನ್ನು ಕೆಡಿಸಿದ ಸ್ತ್ರೀಗೆ ಮಾತ್ರ ಮನು ಹೇಳುವ ಶಿಕ್ಷೆ ಕ್ರೂರವಾದದ್ದು; ಅಲ್ಲಿ ಅವನ ಲಕ್ಷ್ಯವಿರುವುದು ಕನ್ಯಾತ್ವದ ಮೇಲೆ. ನಮ್ಮ ಸ್ಮೃತಿಕಾರರು ಇದನ್ನು ಮೆಚ್ಚಿದರೆಂದು ಹೇಳಲಾಗದು. ಆದರೆ ಮಿಂದು ಕಳೆಯಬಹುದೆಂದ ದೋಷಕ್ಕೂ ಜೀವಮಾನವೆಲ್ಲ ಸೆರೆಯಲ್ಲಿಡುವ ಅಪರಾಧಕ್ಕೂ ಅಜಗಜಾಂತರವುಂಟು.

ಧರ್ಮಪೀಠವೇ ಮುಂದಾದುದು

ಇಲ್ಲಿ ವಾಚಕರು ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಇಂಗ್ಲೆಂಡಿನಲ್ಲಿ ಈ ದಂಡನೆಯನ್ನು ತೆಗೆಯಬೇಕೆಂಬ ಮಾತಿಗೆ ಬಲ ಬಂದುದು ಧರ್ಮವಿರೋಧಿಗಳಿಂದ ಮಾತ್ರವಲ್ಲ. ಇಂಗ್ಲೆಂಡಿನ ಚರ್ಚಿನ ನೈತಿಕ ಕ್ಷೇಮದ ಮಂಡಲಿಯು 1954ರಲ್ಲಿಯೇ ಈ ವಿಚಾರವನ್ನು ಕುರಿತು ಒಂದು ವರದಿಯನ್ನು ಹೊರಡಿಸಿತ್ತು; ಬೇಯ್ಲಿಯವರು ಆ ಕಾರ್ಯದಲ್ಲಿ ಮುಖ್ಯರಾಗಿದ್ದರು. ಅದೇ ವರ್ಷ ಸರ್ಕಾರವು ಜಾನ್ ವುಲ್ಫೆಂಡನ್ನರ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿಯು 1957ರಲ್ಲಿ ವರದಿ ಕೊಟ್ಟು, ವಯಸ್ಕರು ಒಪ್ಪಿ ಏಕಾಂತದಲ್ಲಿ ನಡೆಸುವ ವರ್ತನೆಯು ಅಪರಾಧವಾಗಿರಕೂಡದೆಂದು ಸೂಚಿಸಿತು. ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷರಾಗಿದ್ದ ಮೈಕೆಲ್ ರಾಮ್ಸೆಯವರು 1965ರಲ್ಲಿ ಪ್ರಭುಗಳ ಸಭೆಯಲ್ಲಿ ಈ ಸುಧಾರಣೆಯನ್ನು ಬೆಂಬಲಿಸಿದರು. ಆ ಕೃತ್ಯವು ಸರಿಯೆಂದು ಅವರು ಹೇಳಲಿಲ್ಲ. ಪಾಪವಾದುದೆಲ್ಲವೂ ಅಪರಾಧವಾಗಬೇಕಾಗಿಲ್ಲವೆಂಬುದು ಅವರ ನಿಲುವು. 1967ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 21 ವರ್ಷ ತುಂಬಿದವರ ಮಟ್ಟಿಗೆ ಆ ದಂಡನೆ ಹೋಯಿತು.

ಕಾನೂನನ್ನು ತಂದವರ ದೇಶದಲ್ಲಿ ಅದು ಹೋದ ಮೇಲೂ ನಮ್ಮಲ್ಲಿ ಅದು ಅರ್ಧ ಶತಮಾನ ಉಳಿಯಿತು. 2009ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ವಯಸ್ಕರ ಸಮ್ಮತಿಯ ವರ್ತನೆಗೆ 377ನೆಯ ಕಲಮು ಅನ್ವಯಿಸದೆಂದು ತೀರ್ಪಿತ್ತಿತು. ಅದನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಭೇದವಿಲ್ಲದೆ ಹಲವರಿದ್ದರು. ಬೇರೆ ವಿಷಯಗಳಲ್ಲಿ ಕೂಡಿ ಕುಳಿತುಕೊಳ್ಳದವರು ಇದೊಂದರಲ್ಲಿ ಒಂದಾದುದು ಚಿಂತಿಸತಕ್ಕ ಸಂಗತಿ. 2013ರಲ್ಲಿ ಆ ತೀರ್ಪು ರದ್ದಾಯಿತು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠವು ಏಕಾಭಿಪ್ರಾಯದಿಂದ ಆ ದಂಡನೆಯನ್ನು ತೆಗೆದುಹಾಕಿತು. ಇವರಿಗೂ ಇವರ ಕುಟುಂಬದವರಿಗೂ ಚರಿತ್ರೆಯು ಕ್ಷಮೆ ಕೇಳಬೇಕಾಗಿದೆಯೆಂಬ ಭಾವವನ್ನು ನ್ಯಾಯಮೂರ್ತಿ ಇಂದೂ ಮಲ್ಹೋತ್ರಾ ಅವರು ತಮ್ಮ ತೀರ್ಪಿನಲ್ಲಿ ವ್ಯಕ್ತಪಡಿಸಿದರು. 2023ರ ಅಕ್ಟೋಬರ್ 17ರಂದು ಅದೇ ನ್ಯಾಯಾಲಯವು ಇಂತಹವರ ವಿವಾಹಕ್ಕೆ ಮಾನ್ಯತೆ ಕೊಡುವ ಪ್ರಶ್ನೆಯನ್ನು ಶಾಸನಸಭೆಗೆ ಬಿಟ್ಟಿತು. ಆದುದರಿಂದ ಅಪರಾಧದ ಪ್ರಶ್ನೆ ಮುಗಿದಿದೆ. ಸಮಾಜದ ಪ್ರಶ್ನೆ ಮುಗಿದಿಲ್ಲ.

ಶರಣರ ದೃಷ್ಟಿ

ಇನ್ನು ಶರಣಧರ್ಮದ ಬೆಳಕಿನಲ್ಲಿ ಈ ವಿಷಯವನ್ನು ನೋಡೋಣ. ಹೊರಗಿನ ಚಿಹ್ನೆಗಳಿಂದ ಗಂಡು ಹೆಣ್ಣೆಂಬ ವ್ಯವಹಾರ ನಡೆಯುತ್ತದೆ, ಒಳಗಿನ ಆತ್ಮಕ್ಕೆ ಆ ಭೇದವಿಲ್ಲವೆಂಬ ತತ್ತ್ವವು ಜೇಡರ ದಾಸಿಮಯ್ಯನವರಲ್ಲಿಯೂ ಗೊಗ್ಗವ್ವೆಯಲ್ಲಿಯೂ ಕಾಣುತ್ತದೆ. ಶರಣಸತಿ ಲಿಂಗಪತಿ ಭಾವದಲ್ಲಿ ಪುರುಷರಾದ ಶರಣರೂ ತಮ್ಮನ್ನು ಸತಿಯೆಂದೇ ತಿಳಿದರು. ಆದರೆ ಇವನ್ನು ತೋರಿಸಿ ಶರಣರು ಸಲಿಂಗಾನುರಾಗವನ್ನು ಸಮರ್ಥಿಸಿದರೆಂದು ಹೇಳುವುದು ಸಲ್ಲದು. ಆ ವಚನಗಳ ವಿಷಯವು ಆತ್ಮ ಮತ್ತು ಭಕ್ತಿ, ದೈಹಿಕ ಅನುರಾಗವಲ್ಲ. ಶರಣರು ಸತಿಪತಿಗಳೊಂದಾದ ಭಕ್ತಿಯನ್ನು ಹೊಗಳಿದವರು. ಪರಸತಿಯ ಮೋಹವನ್ನು ಕಟುವಾಗಿ ಖಂಡಿಸಿದವರು.

ಹಾಗಾದರೆ ವಚನಗಳಿಂದ ನಮಗೆ ದೊರೆಯುವ ದಾರಿ ಯಾವುದು? ಬಸವಣ್ಣನವರು ಅಂತರಂಗ ಬಹಿರಂಗ ಶುದ್ಧಿಗಾಗಿ ಏಳು ನಿಷೇಧಗಳನ್ನು ಎಣಿಸಿರುವುದು ಎಲ್ಲರಿಗೂ ತಿಳಿದಿದೆ. ಚೌರ್ಯ, ಹಿಂಸೆ, ಅಸತ್ಯ, ಕೋಪ, ಪರರ ವಿಷಯದ ಹೇಸಿಕೆ, ಆತ್ಮಶ್ಲಾಘನೆ, ನಿಂದೆ ಇವೇ ಆ ಏಳು. ಮೊದಲ ಮೂರನ್ನು ಎಲ್ಲ ಧರ್ಮಗಳೂ ಹೇಳುತ್ತವೆ. ಐದನೆಯದನ್ನು ಹೇಳುವವರು ವಿರಳ. ಹೇಸಿಕೆಯು ಹೇಸಿಕೊಳ್ಳುವವನಿಗೆ ಪುಣ್ಯವೆಂಬಂತೆ ತೋರುತ್ತದೆ. ತಾನು ಶುದ್ಧನೆಂಬ ಸುಖವನ್ನು ಕೊಡುತ್ತದೆ. ಹೊಲೆಯೆಂದು ಜನರನ್ನು ದೂರವಿಟ್ಟ ಸಮಾಜವನ್ನು ಕಂಡಿದ್ದ ಬಸವಣ್ಣನವರು ಈ ಸುಖದ ವಿಷವನ್ನು ಬಲ್ಲವರಾಗಿದ್ದರು. ಆದ್ದರಿಂದಲೇ ಅದನ್ನು ಕಳವು ಕೊಲೆಗಳ ಸಾಲಿನಲ್ಲಿಯೇ ಇಟ್ಟರು.

ಇಲ್ಲಿ ಒಂದು ಶಂಕೆ ಹುಟ್ಟಬಹುದು: ಹೇಸದಿರುವುದೆಂದರೆ ಒಪ್ಪಿದಂತಾಗಲಿಲ್ಲವೇ? ಇದಕ್ಕೆ ಸಮಾಧಾನವೇನೆಂದರೆ, ಒಪ್ಪುವುದು ವಿಚಾರದ ಕೆಲಸ, ಹೇಸದಿರುವುದು ಶೀಲದ ಕೆಲಸ. ವಿಚಾರದಲ್ಲಿ ಹಿರಿಯರಿಗೂ ಕಿರಿಯರಿಗೂ ಭೇದವಿರಬಹುದು. ಶೀಲದಲ್ಲಿ ವಿನಾಯಿತಿಯಿಲ್ಲ.

ಮತ್ತೊಂದು ಶಂಕೆ: ಇದು ರೋಗವಾದರೆ ವಾಸಿಮಾಡಿಸಬಾರದೇ? ವಿಶ್ವ ಆರೋಗ್ಯ ಸಂಸ್ಥೆಯು 1990ರಲ್ಲಿಯೇ ಇದನ್ನು ರೋಗಗಳ ಪಟ್ಟಿಯಿಂದ ತೆಗೆದಿದೆ. ನಮ್ಮ ದೇಶದ ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ, ಸ್ವಭಾವವನ್ನು ಬದಲಿಸುವೆವೆಂದು ನಡೆಸುವ ಚಿಕಿತ್ಸೆಯನ್ನು ವೈದ್ಯರ ವೃತ್ತಿದುರ್ನಡತೆಯೆಂದು ಸಾರಿದೆ. ಇಲ್ಲದ ರೋಗಕ್ಕೆ ಮದ್ದು ಕೊಡಿಸುವುದು ಮಗುವಿಗೆ ಹಿಂಸೆ.

ಮೂರನೆಯ ಶಂಕೆಯೇ ಮನೆಮನೆಗಳಲ್ಲಿ ಹೆಚ್ಚಾಗಿ ಕೇಳಿಬರತಕ್ಕದ್ದು: ಮದುವೆ ಮಾಡಿದರೆ ಸರಿಹೋಗುವುದಿಲ್ಲವೇ? ಇದು ಏಳರಲ್ಲಿ ಮೂರನೆಯದನ್ನು, ಎಂದರೆ ಅಸತ್ಯವನ್ನು ಆಶ್ರಯಿಸಿದಂತೆ. ಏನನ್ನೂ ಅರಿಯದ ಮತ್ತೊಂದು ಮನೆಯ ಮಗಳನ್ನು ಅಥವಾ ಮಗನನ್ನು ತಂದು, ಸತ್ಯವನ್ನು ಮರೆಮಾಡಿ, ಗುರುಹಿರಿಯರ ಸಾಕ್ಷಿಯಲ್ಲಿ ಕಟ್ಟಿಹಾಕಿದರೆ ಎರಡು ಜೀವಗಳ ಬಾಳು ಹಾಳಾಗುತ್ತದೆ. ಸತಿಪತಿಗಳ ಒಂದಾದ ಭಕ್ತಿಯನ್ನು ಗೌರವಿಸುವವನು ಅದನ್ನು ಹುಸಿಯ ಮೇಲೆ ಕಟ್ಟಲು ಹೋಗನು. ಮನೆತನದ ಮಾನವನ್ನು ಉಳಿಸಲೆಂದು ಮಾಡಿದ ಆ ಮದುವೆಯು ಎರಡು ಮನೆಗಳ ಮಾನವನ್ನು ಕಳೆಯುತ್ತದೆ.

ಹಾಗಾದರೆ ಆ ತಾಯಿತಂದೆಗಳಿಗೆ ಹೇಳತಕ್ಕ ಉತ್ತರವೇನು? ಮಗುವನ್ನು ಮನೆಯಿಂದ ಹೊರಗೆ ಹಾಕಬೇಡಿ. ಹುಸಿಯ ಮದುವೆಗೆ ದೂಡಬೇಡಿ. ಮಗನಾಗಲಿ ಮಗಳಾಗಲಿ, ಇಷ್ಟಲಿಂಗಪೂಜೆಯಿಂದಲೂ ದಾಸೋಹದ ಪಂಕ್ತಿಯಿಂದಲೂ ದೂರವಿಡಬೇಡಿ. ನಿಷ್ಠೆ, ಸತ್ಯ, ಇಂದ್ರಿಯನಿಗ್ರಹ, ಕಾಯಕ ಇವುಗಳನ್ನು ಬೇರೆ ಮಕ್ಕಳಿಂದ ಎಷ್ಟು ಅಪೇಕ್ಷಿಸುವಿರೋ ಅಷ್ಟನ್ನೇ ಈ ಮಗುವಿನಿಂದಲೂ ಅಪೇಕ್ಷಿಸಿರಿ. ಹೆಚ್ಚೂ ಬೇಡ, ಕಡಿಮೆಯೂ ಬೇಡ. ಬಂದವನನ್ನು ಪರಕೀಯನೆಂದು ಎಣಿಸದಂತೆ ಕಾಪಾಡೆಂದು ಬಸವಣ್ಣನವರು ಕೂಡಲಸಂಗಮದೇವನಲ್ಲಿ ಮೊರೆಯಿಟ್ಟರು. ಹೊರಗಿನಿಂದ ಬಂದವನ ವಿಷಯದಲ್ಲಿಯೇ ಹಾಗಿರುವಾಗ, ನಿಮ್ಮ ಹೊಟ್ಟೆಯಲ್ಲಿಯೇ ಹುಟ್ಟಿಬಂದವರನ್ನು ಪರಕೀಯರೆನ್ನುವುದು ಹೇಗೆ?

ಸೊದೋಮಿನ ಕಥೆಗೆ ಮತ್ತೆ ಬರೋಣ. ಆ ಊರನ್ನು ಸುಟ್ಟ ಪಾಪ ಯಾವುದೆಂದು ಪಂಡಿತರು ಇಂದಿಗೂ ಚರ್ಚಿಸುತ್ತಿದ್ದಾರೆ. ಆದರೆ ಬಾಗಿಲಿಗೆ ಬಂದವನಿಗೆ ಬಾಗಿಲು ತೆರೆದ ಲೋಟನು ಬದುಕಿದನು; ಬಾಗಿಲನ್ನು ಮುತ್ತಿದವರು ಉಳಿಯಲಿಲ್ಲ. ನಮ್ಮ ಮನೆಯ ಬಾಗಿಲಲ್ಲಿ ನಾವು ಯಾವ ಕಡೆ ನಿಂತಿದ್ದೇವೆಂಬುದನ್ನು ಪ್ರತಿಯೊಬ್ಬ ಭಕ್ತನೂ ಲಿಂಗಸಾಕ್ಷಿಯಾಗಿ ತನ್ನನ್ನು ತಾನೇ ಕೇಳಿಕೊಳ್ಳಬೇಕು.