ಕರೆ ಬರುವ ಮುನ್ನ ಮಗುವಿಗೆ ಹೇಳಬೇಕಾದುದು

ಕಸಿ ಎಂಬ ಮಾತು ನಮಗೆ ತೋಟದಿಂದ ಬಂದದ್ದು. ನಾಟಿ ಮಾವಿನ ಕಾಂಡಕ್ಕೆ ಆಪೂಸಿನ ಕುಡಿಯನ್ನು ಸೇರಿಸಿ ಕಟ್ಟಿದರೆ ಎರಡೂ ಕೂಡಿಕೊಂಡು ಚಿಗುರುವುದನ್ನು ಊರಲ್ಲಿ ನಾವು ಅನೇಕರು ಕಂಡಿದ್ದೇವೆ. ಕೆಟ್ಟುಹೋದ ಅಂಗದ ಕೆಲಸಕ್ಕೆ ಇನ್ನೊಬ್ಬರ ಅಂಗವನ್ನು ಕೂಡಿಸುವ ವಿದ್ಯೆಯೂ ಈಗ ಹೊಸದಲ್ಲ. 1954ರಲ್ಲಿ ಅಮೇರಿಕೆಯ ಬಾಸ್ಟನ್ನಿನಲ್ಲಿ ಡಾ. ಜೋಸೆಫ್ ಮರ್ರೆಯವರು ಅವಳಿ ಸಹೋದರರಲ್ಲಿ ಒಬ್ಬನ ಮೂತ್ರಪಿಂಡವನ್ನು ಇನ್ನೊಬ್ಬನಿಗೆ ಕೂಡಿಸಿ ಯಶಸ್ಸು ಪಡೆದರು. ನಮ್ಮ ದೇಶದಲ್ಲಿ 1998ರಲ್ಲಿ ದಿಲ್ಲಿಯಲ್ಲಿ, ಎರಡು ವರ್ಷ ತುಂಬದ ತಮಿಳು ಮಗುವೊಂದಕ್ಕೆ ತಂದೆಯ ಯಕೃತ್ತಿನ ತುಂಡನ್ನು ಕೂಡಿಸಿದರು. ಆ ಮಗು ಬೆಳೆದು ತಾನೇ ವೈದ್ಯನಾದನು.

ತಂದೆತಾಯಿಗಳು ಅಂಗ ಕೊಡುವಾಗ ಶಸ್ತ್ರಕ್ರಿಯೆಯ ದಿನ ಮೊದಲೇ ನಿಶ್ಚಯವಾಗಿರುತ್ತದೆ. ಅವರದು ಹೊಂದದಿದ್ದರೆ ಮಗುವಿನ ಹೆಸರು ಕಾಯುವವರ ಪಟ್ಟಿಗೆ ಹೋಗುತ್ತದೆ. ಮುಂಬಯಿಯಲ್ಲಿ ಈ ಪಟ್ಟಿಯನ್ನು ವಲಯ ಕಸಿ ಸಮನ್ವಯ ಕೇಂದ್ರವು ನೋಡಿಕೊಳ್ಳುತ್ತದೆ. ಕರ್ನಾಟಕದಲ್ಲಿ 'ಜೀವಸಾರ್ಥಕತೆ' ಎಂಬ ಸಂಸ್ಥೆಯಿದೆ. 1994ರ ಕಾನೂನು ಮಿದುಳಿನ ಮರಣವನ್ನು ಮರಣವೆಂದೇ ಒಪ್ಪಿದೆ. ಅಂಥ ಒಬ್ಬರ ಮನೆಯವರು ದಾನಕ್ಕೆ ಒಪ್ಪಿದ ಗಳಿಗೆಯಲ್ಲಿ ಕರೆ ಬರುತ್ತದೆ. ಅದು ನಡುರಾತ್ರಿಯಾದರೂ ಆದೀತು, ಮಗುವಿನ ಪರೀಕ್ಷೆಯ ದಿನವಾದರೂ ಆದೀತು. ಹೊರತೆಗೆದ ಗುಂಡಿಗೆ ಸುಮಾರು 4ರಿಂದ 6 ಗಂಟೆ, ಯಕೃತ್ತು ಸುಮಾರು 12 ಗಂಟೆ, ಮೂತ್ರಪಿಂಡ ಒಂದು ದಿನ ಅಥವಾ ತುಸು ಹೆಚ್ಚು ಕಾಲ ಮಾತ್ರ ತಂಪಿನಲ್ಲಿ ಉಳಿಯುವುದರಿಂದ, ಆಗ ಮಗುವನ್ನು ಕೂರಿಸಿಕೊಂಡು ಸಮಾಧಾನವಾಗಿ ತಿಳಿಹೇಳಲು ವೇಳೆ ಇರುವುದಿಲ್ಲ. ಹೇಳುವುದನ್ನೆಲ್ಲ ಪಟ್ಟಿಗೆ ಹೆಸರು ಬಿದ್ದಂದಿನಿಂದಲೇ, ದಿನಕ್ಕೊಂದಿಷ್ಟರಂತೆ ಹೇಳುತ್ತ ಹೋಗಬೇಕು.

ನಮ್ಮಲ್ಲಿ ಮಕ್ಕಳನ್ನು ಆಸ್ಪತ್ರೆಗೆ ಒಯ್ಯುವ ರೀತಿ ಒಂದೇ: "ನಡಿ, ಚೌಪಾಟಿಗೆ ಹೋಗೋಣ." ಸೂಜಿ ಚುಚ್ಚಿದ ಮೇಲೆ ಮಗುವಿಗೆ ನಿಜ ತಿಳಿಯುತ್ತದೆ. ನೆಗಡಿಯ ಸೂಜಿಗೆ ಈ ಸುಳ್ಳು ನಡೆದೀತು, ಕಸಿಗೆ ನಡೆಯದು. ಏಕೆಂದರೆ ದೇಹವು ಹೊರಗಿನ ಅಂಗವನ್ನು ತನ್ನದೆಂದು ಒಪ್ಪದೆ ಅದರ ಮೇಲೆ ಕಾಳಗ ಹೂಡುತ್ತದೆ. ಅದನ್ನು ತಡೆಯುವ ಗುಳಿಗೆಗಳನ್ನು ಶಸ್ತ್ರಕ್ರಿಯೆಯ ನಂತರ ದಿನವೂ, ಗೊತ್ತಾದ ವೇಳೆಗೆ, ವರ್ಷಗಟ್ಟಲೆ ನುಂಗಬೇಕು. ಮೇಲಿಂದ ಮೇಲೆ ರಕ್ತ ಕೊಡಬೇಕು. ಮೊದಲ ದಿನವೇ ಮೋಸಹೋದ ಮಗು ನಾಳೆ ನಮ್ಮ ಕೈಯಿಂದ ಗುಳಿಗೆ ಏಕೆ ತೆಗೆದುಕೊಂಡೀತು?

ನಮ್ಮ ವಾಚನಾಲಯಕ್ಕೆ ಬರುವ ಬಂಧುವೊಬ್ಬರ ಮಗಳು, ಏಳು ವರ್ಷದವಳು, ಮೂತ್ರಪಿಂಡಕ್ಕಾಗಿ ಕಾಯುತ್ತಿದ್ದಳು. ಮನೆಯಲ್ಲಿ ಯಾರೂ ಅವಳೆದುರು ಆ ಮಾತೆತ್ತುತ್ತಿರಲಿಲ್ಲ, ಮಗು ಹೆದರೀತೆಂದು. ಒಂದು ದಿನ ತಾಯಿ ತಲೆ ಬಾಚುತ್ತಿದ್ದಾಗ ಕೇಳಿದಳಂತೆ: "ಅವ್ವಾ, ನಾ ಬಳಪ ತಿಂದದ್ದಕ್ಕ ಹಿಂಗಾತೇನ? ಇನ್ನ ತಿನ್ನಂಗಿಲ್ಲ, ಕೊಯ್ಯಬ್ಯಾಡ ಅನ್ನು ಅವರಿಗೆ." ಬೇನೆಯು ತನ್ನ ತಪ್ಪಿಗೆ ಬಂದ ಶಿಕ್ಷೆಯೆಂದು ಈ ವಯಸ್ಸಿನ ಅನೇಕ ಮಕ್ಕಳು ತಿಳಿಯುತ್ತಾರೆ. ಅವರು ಕೇಳಲಿ ಬಿಡಲಿ, "ಇದು ನಿನ್ನ ತಪ್ಪಿನಿಂದ ಬಂದದ್ದಲ್ಲ" ಎಂದು ಬಾಯಿಬಿಟ್ಟು ಹೇಳಲೇಬೇಕು.

ತೀರ ಚಿಕ್ಕವರಿಗೆ ನಾಳೆಯ ಲೆಕ್ಕ ಹತ್ತುವುದಿಲ್ಲ; ತಾಯಿಯ ಧ್ವನಿ, ರೂಢಿಯ ಹೊದಿಕೆ ಜೊತೆಗಿದ್ದರೆ ಬಹುಪಾಲು ಸಾಕು. ಐದಾರು ವರ್ಷದವರಿಗೆ ಗೊಂಬೆಯ ಹೊಟ್ಟೆಗೆ ಪಟ್ಟಿ ಕಟ್ಟಿ ತೋರಿಸಬಹುದು. ಹತ್ತು ದಾಟಿದವರು ವೈದ್ಯರನ್ನು ತಾವೇ ಪ್ರಶ್ನಿಸಲಿ. "ಮಲಗಿಸುತ್ತಾರೆ" ಎಂದಷ್ಟೇ ಹೇಳಿದರೆ ಕೆಲವು ಮಕ್ಕಳು ಮುಂದೆ ರಾತ್ರಿ ಮಲಗಲೂ ಅಂಜುತ್ತಾರೆ. ಅದು ಔಷಧದ ನಿದ್ರೆ, ನಡುವೆ ಎಚ್ಚರವಾಗದು, ಕೆಲಸ ಮುಗಿದ ಮೇಲೆ ಎಬ್ಬಿಸುತ್ತಾರೆ ಎಂದು ಬಿಡಿಸಿ ಹೇಳಬೇಕು. ನೋವೇ ಇಲ್ಲವೆನ್ನಬಾರದು. ನೋವಾಗುತ್ತದೆ, ಹೇಳಿದರೆ ಔಷಧ ಕೊಡುತ್ತಾರೆ; ಎದ್ದಾಗ ಮೈಗೆ ನಳಿಗೆಗಳಿರುತ್ತವೆ, ಅವನ್ನು ಎಳೆಯಕೂಡದು.

ಎಲ್ಲಕ್ಕೂ ಕಷ್ಟವಾದ ಪ್ರಶ್ನೆ, "ಇದು ಯಾರದು?" ಎಂಬುದು. ದಾನಿಯ ಹೆಸರನ್ನು ಆಸ್ಪತ್ರೆಯವರು ಹೇಳುವುದಿಲ್ಲ. "ದೇವರು ಕಳಿಸಿದ" ಎಂದು ಜಾರಿಕೊಳ್ಳುವುದು ಸುಲಭ. ನಮಗೆ ಅದು ಸರಿಕಾಣದು. ಒಬ್ಬರು ತೀರಿಕೊಂಡರು, ನಿನಗಾಗಿ ಅಲ್ಲ, ವೈದ್ಯರಿಂದ ಅವರನ್ನು ಉಳಿಸಲಾಗಲಿಲ್ಲ. ಅವರ ಮನೆಯವರು ಅಳುತ್ತಲೇ ಇದನ್ನು ಕೊಟ್ಟರು. ಇಷ್ಟು ಹೇಳಿ ಸುಮ್ಮನಾಗಬೇಕು. ಮಗು ಅತ್ತರೆ ಅಳಲಿ.

ಪರನಾಡಿನ ನಮಗೆ ಇನ್ನೊಂದು ತೊಡಕಿದೆ. ಮನೆಯಲ್ಲಿ ಕನ್ನಡವನ್ನೇ ಆಡುವ ಮಗು, ಅರೆ ಎಚ್ಚರದಲ್ಲಿ "ನೀರಡಿಕಿ" ಎಂದರೆ ಅಲ್ಲಿಯ ನರ್ಸಬಾಯಿಗೆ ತಿಳಿಯದು. ನೋವು, ನೀರಡಿಕೆ, ಮೂತ್ರ, ವಾಂತಿ, ಹೆದರಿಕೆ ಇವಕ್ಕೆ ನಿಮ್ಮ ಮಗು ಆಡುವ ಮಾತುಗಳನ್ನು ಮರಾಠಿ ಹಿಂದಿ ಅರ್ಥದೊಡನೆ ಒಂದು ಚೀಟಿಯಲ್ಲಿ ದೇವನಾಗರಿಯಲ್ಲಿ ಬರೆದಿಡಿ. ಬರೆಯಲು ಬಾರದವರು ಸಂಜೆ ವಾಚನಾಲಯಕ್ಕೆ ಬಂದರೆ ನಾವು ಬರೆದುಕೊಡುತ್ತೇವೆ.

ಕರೆ ಬಂದ ಕೂಡಲೇ, ಮಗುವಿನ ಬಾಯಿಗೆ ಏನು ಕೊಡಬಹುದು, ಯಾವಾಗಿನಿಂದ ನಿಲ್ಲಿಸಬೇಕೆಂದು ಫೋನಿನಲ್ಲಿಯೇ ಕೇಳಿರಿ. ಹೊಟ್ಟೆಯಲ್ಲಿ ಅನ್ನವಿದ್ದರೆ ಅರಿವಳಿಕೆಗೆ ಅಪಾಯ. ಮಗುವಿಗೆ ಜ್ವರವಿದ್ದರೆ ಮುಚ್ಚಿಡಬಾರದು. ಪಾಳಿಯಲ್ಲಿರುವ ತಂದೆಗೆ ಸುದ್ದಿ ಮುಟ್ಟಿಸುವವರಾರು, ಉಳಿದ ಮಕ್ಕಳನ್ನು ಯಾವ ಮನೆಯಲ್ಲಿ ಬಿಡುವುದು, ಇವು ಮೊದಲೇ ಗೊತ್ತಾಗಿರಲಿ. ಎಚ್ಚರವಾದಾಗ ತಂದೆತಾಯಿಗಳನ್ನು ಒಳಗೆ ಬಿಡುವರೋ ಇಲ್ಲವೋ ಎಂದು ಕೇಳಿಕೊಂಡೇ ಮಗುವಿಗೆ ಮಾತು ಕೊಡಿರಿ.

ಕರೆ ಬಂದು, ಓಡಿಹೋಗಿ, ಅಂಗವು ಸರಿಯಿಲ್ಲವೆಂದು ಅಥವಾ ಹೊಂದದೆಂದು ಹಿಂದಿರುಗುವುದೂ ಉಂಟು. ಇದನ್ನೂ ಮಗುವಿಗೆ ಮುಂಚೆಯೇ ಹೇಳಿರಬೇಕು. ಹಾಗೆ ಬಂದ ರಾತ್ರಿ ಹಸಿದ ಮಗುವಿಗೆ ವೈದ್ಯರು ಒಪ್ಪಿದ್ದನ್ನು ಉಣಿಸಿ ಮಲಗಿಸಿರಿ. ಚೀಲವನ್ನು ಬಿಚ್ಚದೆ ಬಾಗಿಲ ಹತ್ತಿರವೇ ಇಡಿರಿ.