ಸೊಂಟದ ಕೀಲು ಮತ್ತು ಒಂದು ಅರ್ಜಿ

ಆಟಿ ತಿಂಗಳ ಮಳೆ. ಸ್ವಲ್ಪ ಬಿಡುವು ಸಿಕ್ಕಿದರೆ ಸಾಕು, ಬದಿಯಡ್ಕ, ಎಣ್ಮಕಜೆ, ಪೈವಳಿಕೆಯ ತೋಟಗಳಲ್ಲಿ ಅಡಿಕೆಗೆ ಮದ್ದು ಬಿಡುವವರು ಮರ ಹತ್ತುತ್ತಾರೆ. ಮೈಲುತುತ್ತು, ಸುಣ್ಣ ಸೇರಿಸಿ ಮಾಡಿದ ಈ ಮದ್ದು ಬಿಡದಿದ್ದರೆ ಕೊಳೆರೋಗ ಬಂದು ಎಳೆಕಾಯಿಗಳು ಉದುರುತ್ತವೆ. ಪಾಚಿ ಹಿಡಿದ ಮರ ಜಾರುತ್ತದೆ. ಕಾಲಿನ ತಳೆ ತಪ್ಪಿ ಬಿದ್ದರೆ ಸೊಂಟ ಮುರಿಯಬಹುದು.

ಸೊಂಟದ ಬದಿಗೆ ಕೈಯಿಟ್ಟು ಒಂದು ಕಾಲನ್ನು ಎತ್ತಿ ನೋಡಿರಿ. ಏನೋ ತಿರುಗಿದಂತಾಗುತ್ತದಲ್ಲವೇ? ತೊಡೆಯೆಲುಬಿನ ಮೇಲ್ತುದಿ ಚೆಂಡಿನಂತೆ ದುಂಡಗಿದೆ. ಅದು ಸೊಂಟದೆಲುಬಿನ ಗುಳಿಯೊಳಗೆ ಕುಳಿತು ತಿರುಗುತ್ತದೆ. ನಡೆಯಲು, ಕುಕ್ಕರಗಾಲಿನಲ್ಲಿ ಕೂರಲು, ಮರ ಹತ್ತಲು ಈ ಕೀಲು ಬೇಕು. ಇಲ್ಲಿ ಪೆಟ್ಟಾದ ಎಷ್ಟೋ ಮಂದಿ ಚಿಕಿತ್ಸೆಯ ಬಳಿಕ ಮತ್ತೆ ನಡೆಯುತ್ತಾರೆ. ಕೆಲವರಿಗೆ ಮಾತ್ರ ಕಾಲು ಗಿಡ್ಡವಾಗಿ, ಕೀಲು ಬಿಗಿದು ಉಳಿಯುತ್ತದೆ.

ಅಂಥವರಿಗೆ ಸರಕಾರದ ಪಿಂಚಣಿಯಿದೆ. ಅದರ ಅರ್ಜಿಯನ್ನು ಗ್ರಾಮ ಪಂಚಾಯತಿಗೆ ಕೊಡಬೇಕು. ಆದರೆ ಕುಂಟುತ್ತಾ ಬಂದವರನ್ನು ಕಣ್ಣಾರೆ ಕಂಡರೂ ಕಚೇರಿಗೆ ಅದು ಸಾಲದು; ಪ್ರಮಾಣಪತ್ರ ಬೇಕು. ಅದಕ್ಕಾಗಿ ಅಕ್ಷಯ ಕೇಂದ್ರಕ್ಕೆ ಹೋಗಿ ಅಂತರ್ಜಾಲದಲ್ಲಿ ಇನ್ನೊಂದು ಅರ್ಜಿ ಹಾಕಬೇಕು. ನಂತರ ಸರಕಾರಿ ವೈದ್ಯರು ಪರೀಕ್ಷಿಸುತ್ತಾರೆ. ನಿಮ್ಮ ಪೆಟ್ಟಿಗೆಯಲ್ಲಿರುವ ಕೋನಮಾಪಕದಂಥ ಸಾಧನವನ್ನು ಸೊಂಟಕ್ಕೆ ಹಿಡಿದು ಕಾಲು ಎಷ್ಟು ಡಿಗ್ರಿ ಮಡಚುತ್ತದೆ ಎಂದು ನೋಡುತ್ತಾರೆ. ಎರಡೂ ಕಾಲುಗಳ ಉದ್ದವನ್ನು ಅಳೆಯುತ್ತಾರೆ. ಸ್ನಾಯುಗಳ ಬಲವನ್ನೂ ಪರೀಕ್ಷಿಸುತ್ತಾರೆ. ಎಲ್ಲವನ್ನೂ ಕೂಡಿಸಿ ಅಂಗವೈಕಲ್ಯ ಶೇಕಡಾ ಎಷ್ಟೆಂದು ಬರೆಯುತ್ತಾರೆ. ಪಿಂಚಣಿ ಸಿಗಲು ಅದು ಶೇಕಡಾ 40ಕ್ಕಿಂತ ಕಡಿಮೆಯಿರಬಾರದು. ಅಳತೆ ಸರಿಯಿಲ್ಲವೆಂದು ತೋರಿದರೆ ಮೇಲ್ಮನವಿ ಸಲ್ಲಿಸಲು 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಅವಕಾಶವಿದೆ.

ಇಬ್ಬರ ಸೊಂಟಕ್ಕೆ ಒಂದೇ ರೀತಿಯ ಪೆಟ್ಟಾಯಿತೆನ್ನಿ. ಒಬ್ಬರು ಅಂಗಡಿಯಲ್ಲಿ ಕುಳಿತು ಲೆಕ್ಕ ಬರೆಯುವವರು. ಇನ್ನೊಬ್ಬರು ಅಡಿಕೆ ಮರ ಹತ್ತುವವರು. ಇಬ್ಬರಿಗೂ ಸಿಗುವ ಶೇಕಡಾ ಒಂದೇ. ಲೆಕ್ಕ ಬರೆಯುವವರು ಕೆಲವು ತಿಂಗಳಲ್ಲಿ ಮತ್ತೆ ಅಂಗಡಿಗೆ ಹೋದಾರು. ಮರ ಹತ್ತುವವರು ಇನ್ನು ಹತ್ತುವಂತಿಲ್ಲ. ವೈದ್ಯರು ಅಳೆಯುವುದು ದೇಹವನ್ನು ಮಾತ್ರ. ಕಳೆದುಹೋದ ದುಡಿಮೆ ಈ ಲೆಕ್ಕಕ್ಕೆ ಬರುವುದಿಲ್ಲ. ಇದೊಂದು ದೊಡ್ಡ ಕೊರತೆಯೆಂದೇ ಹೇಳಬೇಕು.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತೊಡಕೂ ಉಂಟು. ಕಚೇರಿಯಿಂದ ಬಂದ ಕಾಗದ ಮಲಯಾಳದಲ್ಲಿದ್ದರೆ ಕನ್ನಡ ಮಾತ್ರ ಓದಬಲ್ಲವರು ಏನು ಮಾಡಬೇಕು? ಕೇರಳದ ಭಾಷಾ ಕಾನೂನು ಇದಕ್ಕೆ ಉತ್ತರ ಕೊಡುತ್ತದೆ. ಕನ್ನಡಿಗರು ಹೆಚ್ಚಾಗಿರುವ ಪ್ರದೇಶದ ಸರಕಾರಿ ಕಚೇರಿಗಳಿಗೆ ಅವರು ಕನ್ನಡದಲ್ಲಿಯೇ ಬರೆಯಬಹುದು. ಕಚೇರಿಯ ಉತ್ತರವೂ ಕನ್ನಡದಲ್ಲಿಯೇ ಬರಬೇಕು. ಭಾರತದ ಸಂವಿಧಾನದ 350ನೆಯ ವಿಧಿಯೂ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ.

ಪದಗಳ ಅರ್ಥ
ತಳೆ – ಮರ ಹತ್ತುವಾಗ ಕಾಲಿಗೆ ಹಾಕುವ ಬಳ್ಳಿ ಅಥವಾ ಹಗ್ಗದ ಬಳೆ
ಅಹವಾಲು – ಕುಂದುಕೊರತೆಯ ಮನವಿ

ಚಟುವಟಿಕೆ
ಮರದಿಂದ ಬಿದ್ದು ಸೊಂಟಕ್ಕೆ ಪೆಟ್ಟಾದ ನೆರೆಮನೆಯವರೊಬ್ಬರು ತಮಗಾಗಿ ಅರ್ಜಿ ಬರೆದುಕೊಡಲು ನಿಮ್ಮಲ್ಲಿ ಹೇಳಿದ್ದಾರೆ. ಅವರಲ್ಲಿ ಏನೇನು ಕೇಳಿ ತಿಳಿಯಬೇಕು? ಗುಂಪಿನಲ್ಲಿ ಚರ್ಚಿಸಿ, ಪಂಚಾಯತಿಗೆ ಕನ್ನಡದಲ್ಲಿ ಅರ್ಜಿ ಬರೆಯಿರಿ.